ನಮ್ಮನ್ನು ಓದುವ ಅಂಗಡಿ

ನಾನು ಹುಡುಗನಾಗಿದ್ದ ಕಾಲದಲ್ಲಿ ನಮ್ಮ ಹಳ್ಳಿಯಲ್ಲಿ ಇದ್ದದ್ದು ಒಂದೇ ದಿನಸಿ ಅಂಗಡಿ. ತಿಪಟೂರು ಸೀಮೆಯ ಆ ಹಳ್ಳಿಯಲ್ಲಿ ಅದನ್ನು ಯಾರೂ ಅಂಗಡಿಯೆಂದು ಕರೆಯುತ್ತಿರಲಿಲ್ಲ. ‘ಶೆಟ್ಟರ ಜಗುಲಿ’ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಹೊರಗೆ ಉಪ್ಪಿನ ಮೂಟೆ, ಸೀಮೆಎಣ್ಣೆಯ ಡಬ್ಬ, ಬೆಲ್ಲದ ಅಚ್ಚುಗಳು. ಒಳಗೆ ಗಲ್ಲಾಪೆಟ್ಟಿಗೆಯ ಹಿಂದೆ ಶೆಟ್ಟರು. ಅವರ ಮಗ್ಗುಲಲ್ಲಿ ಕೆಂಪು ಬಟ್ಟೆಯ ಹೊದಿಕೆ ಹಾಕಿದ ಉದ್ದನೆಯ ಖಾತೆ ಪುಸ್ತಕ. ಆ ಪುಸ್ತಕದಲ್ಲಿ ಊರಿನ ಒಂದೊಂದು ಮನೆಗೂ ಒಂದೊಂದು ಪುಟ ಮೀಸಲಾಗಿತ್ತು. ಯಾರ ಮನೆಯಲ್ಲಿ ತಿಂಗಳಿಗೆ ಎಷ್ಟು ಎಣ್ಣೆ ಮುಗಿಯುತ್ತದೆ, ಯಾರಿಗೆ ಕಾಫಿಯ ಚಟ ಹೊಸದಾಗಿ ಹತ್ತಿದೆ, ಯಾರ ಮನೆಗೆ ಬಂದ ನೆಂಟರು ವಾರವಾದರೂ ಹೊರಟಿಲ್ಲ ಎಂಬುದನ್ನೆಲ್ಲ ಶೆಟ್ಟರು ಆ ಪುಟಗಳಿಂದಲೇ ಅರಿಯಬಲ್ಲವರಾಗಿದ್ದರು.

ನಮ್ಮ ಅಜ್ಜಿಗೆ ಎಲೆ ಅಡಿಕೆಯೊಡನೆ ಕಡ್ಡಿಪುಡಿ ಬೇಕಾಗುತ್ತಿತ್ತು. ಮನೆಯ ಚೀಟಿಯಲ್ಲಿ ಅದನ್ನು ಬರೆಯುವ ಪದ್ಧತಿಯೇ ಇರಲಿಲ್ಲ. ಶೆಟ್ಟರು ತಾವಾಗಿಯೇ ಒಂದು ಪೊಟ್ಟಣ ಕಟ್ಟಿ ಸಾಮಾನಿನ ಮೇಲಿಡುತ್ತಿದ್ದರು. ಅಜ್ಜಿ ತೀರಿಕೊಂಡ ಮೇಲೆ ಮೊದಲ ಬಾರಿಗೆ ನಾನು ಚೀಟಿ ಹಿಡಿದು ಹೋದಾಗ ಅವರು ಎಂದಿನಂತೆ ಎಲ್ಲವನ್ನೂ ತೂಗಿ ಕಟ್ಟಿದರು. ಕಡೆಗೆ ಅವರ ಕೈ ಕಡ್ಡಿಪುಡಿಯ ಡಬ್ಬದವರೆಗೆ ಹೋಗಿ ಹಿಂದಕ್ಕೆ ಬಂತು. ‘ಹುಷಾರಾಗಿ ಹೋಗು ಮಗಾ’ ಎಂದರೇ ಹೊರತು ಬೇರೇನನ್ನೂ ಹೇಳಲಿಲ್ಲ.

ಇಷ್ಟರಿಂದಲೇ ಶೆಟ್ಟರನ್ನು ಋಷಿಯ ಪೀಠದಲ್ಲಿ ಕೂರಿಸುವ ಅಗತ್ಯವಿಲ್ಲ. ಅದೇ ಜಗುಲಿಯ ಮೇಲೆ, ಸಂತೆಯ ದಿನ, ನಾಲ್ಕು ಜನರ ಮುಂದೆ ಅವರು ಕೂಲಿಯಾಳೊಬ್ಬನ ಬಾಕಿಯನ್ನು ಗಟ್ಟಿಯಾಗಿ ಓದಿದ್ದನ್ನೂ, ಅವನು ತಲೆ ತಗ್ಗಿಸಿಕೊಂಡು ಬರಿಗೈಯಲ್ಲಿ ಹಿಂದಿರುಗಿದ್ದನ್ನೂ ನಾನು ಕಂಡಿದ್ದೇನೆ. ಹುಳು ಹಿಡಿದ ಬೇಳೆಯನ್ನು ಯಾರಿಗೆ ದಾಟಿಸಿದರೆ ಎದುರು ಮಾತು ಬರಲಾರದೆಂಬುದೂ ಅವರಿಗೆ ಅದೇ ಖಾತೆಯಿಂದ ತಿಳಿಯುತ್ತಿತ್ತು. ಗಿರಾಕಿಯನ್ನು ಚೆನ್ನಾಗಿ ಬಲ್ಲ ಅಂಗಡಿಕಾರನಿಗೆ ಗಿರಾಕಿಯ ಮೇಲೆ ಒಂದು ಬಗೆಯ ಹಿಡಿತವಿರುತ್ತದೆ. ಅದು ಇಂದು ನಿನ್ನೆಯ ಮಾತಲ್ಲ. ಆದರೆ ತಿಂಗಳ ಕೊನೆಯಲ್ಲಿ ನಮ್ಮ ಅಪ್ಪ ಆ ಜಗುಲಿಯ ಮೇಲೆ ಕುಳಿತು, ನಮ್ಮ ಪುಟವನ್ನು ತೆರೆಸಿ, ಸಾಲುಸಾಲಾಗಿ ಓದಿಸಿ, ‘ಈ ಎರಡು ಸೇರು ಅವರೆಕಾಳು ನಮ್ಮದಲ್ಲ ಶೆಟ್ಟರೇ’ ಎಂದು ಹೊಡೆದುಹಾಕಿಸುತ್ತಿದ್ದರು. ಈ ಒಂದು ಸಂಗತಿಯನ್ನು ನೀವು ನೆನಪಿನಲ್ಲಿಡಬೇಕು. ಮುಂದೆ ಇದರ ಕೆಲಸವಿದೆ.

ಈಗ ಅಂಗಡಿ ನಮ್ಮ ಅಂಗೈಗೆ ಬಂದಿದೆ. ಫೋನನ್ನು ತೆರೆದೊಡನೆ ‘ನಿಮಗಾಗಿ ಆಯ್ದ ವಸ್ತುಗಳು’ ಎಂಬ ತಲೆಬರಹದ ಅಡಿಯಲ್ಲಿ ಒಂದು ಸಾಲು ಸಿದ್ಧವಾಗಿರುತ್ತದೆ. ನಿಮ್ಮ ಸಾಲು ನಿಮ್ಮ ನೆರೆಮನೆಯವರ ಸಾಲಿನಂತಿರುವುದಿಲ್ಲ. ನಮ್ಮ ಮನೆಯಲ್ಲಿ ಒಂದೇ ಫೋನನ್ನು ನಾನೂ ಮೊಮ್ಮಕ್ಕಳೂ ಹಂಚಿಕೊಂಡು ಬಳಸುತ್ತೇವೆ. ಆದಕಾರಣ ಆ ಅಂಗಡಿಯ ದೃಷ್ಟಿಯಲ್ಲಿ ನಾನು ಮಂಡಿನೋವಿನಿಂದ ನರಳುವ, ಕ್ರಿಕೆಟ್ ಬ್ಯಾಟುಗಳಲ್ಲಿ ಮೋಹವುಳ್ಳ, ಹಳಗನ್ನಡ ವ್ಯಾಕರಣವನ್ನು ಓದುತ್ತ ಕೂದಲಿಗೆ ಬಣ್ಣದ ಕ್ಲಿಪ್ಪು ಸಿಕ್ಕಿಸಿಕೊಳ್ಳುವ ಒಂದು ವಿಚಿತ್ರ ಪ್ರಾಣಿ. ಆದರೂ, ಆಶ್ಚರ್ಯವೆಂದರೆ, ಆ ಪ್ರಾಣಿಗೆ ಬೇಕಾದದ್ದನ್ನು ಅದು ಅನೇಕ ವೇಳೆ ಸರಿಯಾಗಿಯೇ ಊಹಿಸುತ್ತದೆ.

ಕೋಟ್ಯಂತರ ಗಿರಾಕಿಗಳಿಗೆ ಕೋಟ್ಯಂತರ ಸರಕುಗಳಿಂದ ಆಯ್ದು ಕೊಡುವ ಕೆಲಸವನ್ನು ಯಾವ ಗುಮಾಸ್ತನೂ ಮಾಡಲಾರ. ಅದನ್ನು ಗಣಕಯಂತ್ರಕ್ಕೆ ಒಪ್ಪಿಸಿದ್ದಾರೆ. 1995ರಲ್ಲಿ ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ ಪುಸ್ತಕಗಳನ್ನು ಮಾರಲು ಹೊರಟ ಅಮೆಜಾನ್ ಸಂಸ್ಥೆಯವರು ಕೆಲವೇ ವರ್ಷಗಳಲ್ಲಿ ಒಂದು ಸರಳ ಉಪಾಯವನ್ನು ಹೂಡಿದರು. ಒಬ್ಬ ಗಿರಾಕಿಯನ್ನು ಉಳಿದ ಗಿರಾಕಿಗಳೊಡನೆ ಹೋಲಿಸುತ್ತ ಕೂರುವ ಬದಲು, ಒಂದು ಪುಸ್ತಕವನ್ನು ಕೊಂಡವರು ಜೊತೆಯಲ್ಲಿ ಬೇರೆ ಯಾವ ಪುಸ್ತಕವನ್ನು ಕೊಂಡರೆಂದು ನೋಡಿ, ವಸ್ತುವಿಗೂ ವಸ್ತುವಿಗೂ ನಡುವೆ ನಂಟು ಬೆಳೆಸಿದರು. ಕಂಪಾಸ್ ಪೆಟ್ಟಿಗೆಯನ್ನು ಕೊಳ್ಳುವವರು ಗ್ರಾಫ್ ಪುಸ್ತಕವನ್ನೂ ಕೊಳ್ಳುತ್ತಾರೆಂಬುದು ಶಾಲೆಯ ಪಕ್ಕದ ಅಂಗಡಿಯವನಿಗೂ ಗೊತ್ತು. ಯಂತ್ರ ಅದನ್ನೇ ಎಲ್ಲ ಸರಕುಗಳಿಗೂ ಎಣಿಸಿ ಇಟ್ಟುಕೊಂಡಿತು. ಈ ಕ್ರಮವನ್ನು ಗ್ರೆಗ್ ಲಿಂಡನ್, ಬ್ರೆಂಟ್ ಸ್ಮಿತ್, ಜೆರೆಮಿ ಯಾರ್ಕ್ ಎಂಬ ಮೂವರು 2003ರಲ್ಲಿ ಪ್ರಬಂಧರೂಪದಲ್ಲಿ ವಿವರಿಸಿದರು. ನಮ್ಮ ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಕೂಡ ಮೊದಲು ಮಾರಿದ್ದು ಪುಸ್ತಕಗಳನ್ನೇ. ಹೊಸ ವ್ಯಾಪಾರಗಳೆಲ್ಲ ಪುಸ್ತಕದಿಂದ ಆರಂಭವಾಗಿ ಪಾತ್ರೆಪಡಗದ ಕಡೆಗೆ ಏಕೆ ಸಾಗುತ್ತವೆಯೋ, ಕನ್ನಡ ಮೇಷ್ಟರಾದ ನನಗೆ ಅದೊಂದು ಸಣ್ಣ ಸಂಕಟ.

ಆ ಎಣಿಕೆಯ ಕಾಲವೂ ಹಿಂದೆ ಸರಿಯಿತು. ಈಗ ಈ ಕೆಲಸದಲ್ಲಿ ಮುಂದೆ ನಿಂತಿರುವುದು ಡೀಪ್ ಲರ್ನಿಂಗ್ ಎಂಬ ವಿದ್ಯೆ. ಕನ್ನಡದಲ್ಲಿ ಇದನ್ನು ‘ಆಳ ಕಲಿಕೆ’ ಎನ್ನುತ್ತಾರೆ. ಇಲ್ಲಿ ‘ಆಳ’ ಎಂಬ ಮಾತಿಗೆ ಗಾಂಭೀರ್ಯವೆಂಬ ಅರ್ಥವಿಲ್ಲ. ಲೆಕ್ಕ ಮಾಡುವ ಪದರಗಳು ಒಂದರ ಮೇಲೊಂದು ಹಲವಿವೆ ಎಂದಷ್ಟೇ.

ಒಂಬತ್ತನೆಯ ತರಗತಿಯ ಗಣಿತದಲ್ಲಿ ನೀವು ಒಂದು ಬಿಂದುವಿನ ಸ್ಥಾನವನ್ನು ಎರಡು ಸಂಖ್ಯೆಗಳಿಂದ ಸೂಚಿಸುವುದನ್ನು ಕಲಿಯುತ್ತೀರಿ. ಒಂದು ಅಕ್ಷ ಅಡ್ಡಲಾಗಿ, ಇನ್ನೊಂದು ನೇರವಾಗಿ. ಈಗ ಅಂಗಡಿಯ ಪ್ರತಿಯೊಂದು ಸರಕನ್ನೂ ಅಂಥ ಒಂದು ಬಿಂದುವೆಂದು ಭಾವಿಸಿ. ಎರಡೇ ಅಕ್ಷಗಳು ಸಾಲುವುದಿಲ್ಲವಾದ್ದರಿಂದ ಹತ್ತಾರು, ಕೆಲವೊಮ್ಮೆ ನೂರಾರು ಅಕ್ಷಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಹಾಳೆಯ ಮೇಲೆ ಅದನ್ನು ಎಳೆಯಲಾಗದಿದ್ದರೂ ಲೆಕ್ಕದಲ್ಲಿ ಅಡ್ಡಿಯಿಲ್ಲ. ಗಿರಾಕಿಯಾದ ನೀವೂ ಅದೇ ಬಯಲಿನಲ್ಲಿ ಒಂದು ಬಿಂದು. ನಿಮ್ಮ ಬಿಂದುವಿಗೆ ಯಾವ ಸರಕುಗಳ ಬಿಂದುಗಳು ಹತ್ತಿರವಿವೆಯೋ ಅವು ನಿಮ್ಮ ಕಣ್ಣಮುಂದೆ ಬಂದು ನಿಲ್ಲುತ್ತವೆ.

ಈ ಬಿಂದುಗಳನ್ನು ಯಾರೂ ಕುಳಿತು ಗುರುತಿಸುವುದಿಲ್ಲವೆಂಬುದೇ ಇದರ ಚಮತ್ಕಾರ. ಯಂತ್ರ ಮೊದಲಿಗೆ ಮನಬಂದ ಸಂಖ್ಯೆಗಳಿಂದ ಹೊರಡುತ್ತದೆ. ಈ ಗಿರಾಕಿ ಈ ಚಿತ್ರವನ್ನು ಒತ್ತುತ್ತಾನೆಯೇ ಇಲ್ಲವೇ ಎಂದು ಊಹಿಸುತ್ತದೆ. ಊಹೆ ತಪ್ಪಿದರೆ, ಆ ತಪ್ಪಿನ ಪಾಲನ್ನು ಕೊನೆಯ ಪದರದಿಂದ ಮೊದಲ ಪದರದವರೆಗೆ ಹಿಂದಕ್ಕೆ ಹಂಚುತ್ತ, ಸಂಖ್ಯೆಗಳನ್ನು ಎಳ್ಳಷ್ಟೆಳ್ಳಷ್ಟೇ ತಿದ್ದಿಕೊಳ್ಳುತ್ತದೆ. ಕೋಟಿ ಕೋಟಿ ಸಲ ಹೀಗೆ ತಿದ್ದಿಕೊಂಡ ಮೇಲೆ ಊಹೆ ಹದಕ್ಕೆ ಬರುತ್ತದೆ. ತಪ್ಪನ್ನು ಹಿಂದಕ್ಕೆ ಹಂಚುವ ಈ ಕ್ರಮವನ್ನು ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಎಂಬ ವಿದ್ವಾಂಸರು 1986ರಲ್ಲಿ ಪ್ರಸಿದ್ಧಿಗೆ ತಂದರು. ಹಿಂಟನ್ ಮತ್ತು ಅವರ ಇಬ್ಬರು ಶಿಷ್ಯರು 2012ರಲ್ಲಿ ಕೆನಡಾದ ಟೊರಾಂಟೊದಲ್ಲಿ ಚಿತ್ರಗಳನ್ನು ಗುರುತಿಸುವ ಯಂತ್ರವನ್ನು ಇದೇ ದಾರಿಯಲ್ಲಿ ಪಳಗಿಸಿ ಜಗತ್ತನ್ನು ಬೆರಗುಗೊಳಿಸಿದ ಮೇಲೆ, ವ್ಯಾಪಾರದವರ ಕಣ್ಣು ಇದರ ಮೇಲೆ ಬಿತ್ತು. 2024ರಲ್ಲಿ ಹಿಂಟನ್ ಅವರಿಗೆ ಜಾನ್ ಹಾಪ್‌ಫೀಲ್ಡ್ ಅವರೊಡನೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ವಿದ್ಯೆಯ ದೃಷ್ಟಿಯಿಂದ ನೋಡಿದರೆ ಇದು ಮಾನವನ ಬುದ್ಧಿಯ ಒಂದು ದೊಡ್ಡ ಸಾಧನೆ. ಅದರಲ್ಲಿ ಎರಡು ಮಾತಿಲ್ಲ.

ನನ್ನ ಅನುಮಾನ ಇರುವುದು ಬೇರೆಡೆಯಲ್ಲಿ. ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದವನಾಗಿ ನಾನು ಒಂದು ಸತ್ಯವನ್ನು ಚೆನ್ನಾಗಿ ಬಲ್ಲೆ: ಪರೀಕ್ಷೆಯಲ್ಲಿ ಏನನ್ನು ಕೇಳುತ್ತೇವೆಯೋ ವಿದ್ಯಾರ್ಥಿ ಅದನ್ನೇ ಕಲಿಯುತ್ತಾನೆ. ವ್ಯಾಕರಣದಲ್ಲಿ ಸಮಾಸದ ಹೆಸರನ್ನಷ್ಟೇ ಕೇಳುವ ವಾಡಿಕೆ ಬಿದ್ದರೆ, ಹುಡುಗರು ಹೆಸರುಗಳನ್ನು ಬಾಯಿಪಾಠ ಮಾಡಿ ಕಾವ್ಯವನ್ನು ಮುಚ್ಚಿಡುತ್ತಾರೆ. ಯಂತ್ರವೂ ಅಂಥ ವಿದ್ಯಾರ್ಥಿಯೇ. ಅದಕ್ಕೆ ಇಟ್ಟಿರುವ ಪರೀಕ್ಷೆ ಯಾವುದು? ಗಿರಾಕಿ ಚಿತ್ರವನ್ನು ಒತ್ತಿದನೇ, ಎಷ್ಟು ಹೊತ್ತು ನೋಡಿದ, ಹಣ ಕೊಟ್ಟನೇ—ಇವೇ ಪ್ರಶ್ನೆಗಳು. ಯೂಟ್ಯೂಬ್‌ನ ಎಂಜಿನಿಯರುಗಳು 2016ರಲ್ಲಿ ತಮ್ಮ ಯಂತ್ರವನ್ನು ವಿವರಿಸುತ್ತ ಅದು ಎರಡು ಹಂತಗಳಲ್ಲಿ ಕೆಲಸ ಮಾಡುವುದನ್ನು ಹೇಳಿದ್ದಾರೆ: ಲಕ್ಷಾಂತರ ಚಿತ್ರಗಳಿಂದ ಕೆಲವು ನೂರನ್ನು ಜರಡಿ ಹಿಡಿಯುವುದು ಮೊದಲನೆಯದು, ಅವನ್ನು ಕ್ರಮವಾಗಿ ಜೋಡಿಸುವುದು ಎರಡನೆಯದು. ಒತ್ತುವುದನ್ನೇ ಎಣಿಸಿದರೆ ಮೋಸದ ತಲೆಬರಹಗಳು ಮುಂದೆ ಬರುತ್ತವೆಂದು ಕಂಡು, ಎಷ್ಟು ಹೊತ್ತು ನೋಡಿಯಾರು ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಂಡೆವೆಂದೂ ಅವರು ಬರೆದಿದ್ದಾರೆ. ಪ್ರಶ್ನೆಪತ್ರಿಕೆ ಬದಲಾಯಿತು, ವಿದ್ಯಾರ್ಥಿಯೂ ಬದಲಾದ. ಆದರೆ ‘ಕೊಂಡ ಮೇಲೆ ಆ ವಸ್ತು ಅವನಿಗೆ ಉಪಯೋಗಕ್ಕೆ ಬಂತೇ? ನೋಡಿದ ಮೇಲೆ ಅವನಿಗೆ ಸಮಾಧಾನವಾಯಿತೇ, ಪಶ್ಚಾತ್ತಾಪವಾಯಿತೇ?’ ಎಂಬುದನ್ನು ಕೇಳುವುದು ಕಷ್ಟ, ಅಳೆಯುವುದು ಇನ್ನೂ ಕಷ್ಟ. ಅಳೆಯಲು ಸುಲಭವಾದದ್ದನ್ನೇ ಯಂತ್ರ ಹೆಚ್ಚು ಕಲಿಯುತ್ತದೆ.

ಜಾಹೀರಾತಿನ ವಿಷಯಕ್ಕೆ ಬಂದರೆ ಲೆಕ್ಕ ಇನ್ನಷ್ಟು ಸ್ಪಷ್ಟ. ನೀವು ಒಂದು ಪುಟವನ್ನು ತೆರೆಯುವ ಕ್ಷಣಾರ್ಧದಲ್ಲಿ ಅದರ ಮೇಲಿನ ಖಾಲಿ ಜಾಗ ಹರಾಜಿಗೆ ಬರುತ್ತದೆ. ಒಬ್ಬ ವರ್ತಕ, ‘ಗಿರಾಕಿ ನನ್ನ ಜಾಹೀರಾತನ್ನು ಒತ್ತಿದರೆ 10 ರೂಪಾಯಿ ಕೊಡುತ್ತೇನೆ’ ಎನ್ನುತ್ತಾನೆ. ಇನ್ನೊಬ್ಬ 4 ರೂಪಾಯಿ ಎನ್ನುತ್ತಾನೆ. ಮೊದಲಿನವನಿಗೆ ಜಾಗ ಸಿಗಬೇಕಲ್ಲವೇ? ಯಂತ್ರ ಹಾಗೆ ಯೋಚಿಸುವುದಿಲ್ಲ. ನೀವು ಮೊದಲಿನದನ್ನು ಒತ್ತುವ ಸಂಭವ ನೂರಕ್ಕೆ 1, ಎರಡನೆಯದನ್ನು ಒತ್ತುವ ಸಂಭವ ನೂರಕ್ಕೆ 5 ಎಂದು ಅದು ಊಹಿಸಿದ್ದರೆ, ಗುಣಿಸಿ ನೋಡಿ: ಮೊದಲಿನದರಿಂದ ಬರಬಹುದಾದದ್ದು 10 ಪೈಸೆ, ಎರಡನೆಯದರಿಂದ 20 ಪೈಸೆ. ಜಾಗ ಎರಡನೆಯವನಿಗೆ. ಆದ್ದರಿಂದಲೇ ನಿಮ್ಮ ಮನಸ್ಸನ್ನು ನಿಖರವಾಗಿ ಊಹಿಸುವುದಕ್ಕೆ ಅಷ್ಟೊಂದು ಬೆಲೆ. ಆ ನಿಖರತೆ ಕೊಂಚ ಹೆಚ್ಚಿದರೂ ಪೈಸೆಗಳು ಕೋಟಿಗಳಾಗುತ್ತವೆ. ಹೀಗೆ ಹಣ ಕೊಟ್ಟು ಮುಂದೆ ಬಂದ ಸರಕಿನ ಪಕ್ಕದಲ್ಲಿ ‘ಪ್ರಾಯೋಜಿತ’ ಎಂಬ ಪದವಿರುತ್ತದೆ. ಅದನ್ನು ಓದಲು ನನ್ನ ವಯಸ್ಸಿನವರಿಗೆ ಕನ್ನಡಕ ಸಾಲದು, ಭೂತಗನ್ನಡಿಯೇ ಬೇಕು.

ಇದೆಲ್ಲ ಕೇಡೇ ಎಂದರೆ ಅಲ್ಲ. ನಾನೊಮ್ಮೆ ಹಳಗನ್ನಡ ವ್ಯಾಕರಣದ ಪುಸ್ತಕವೊಂದನ್ನು ತರಿಸಿಕೊಂಡಾಗ, ಅಚ್ಚಿನಲ್ಲಿಲ್ಲವೆಂದು ನಾನು ಹತ್ತು ವರ್ಷಗಳಿಂದ ನಂಬಿಕೊಂಡಿದ್ದ ಇನ್ನೊಂದು ಪುಸ್ತಕವನ್ನು ಯಂತ್ರ ಅದರ ಕೆಳಗೇ ತೋರಿಸಿತು. ಆ ದಿನ ನಾನು ಪಟ್ಟ ಸಂತೋಷವನ್ನು ಮುಚ್ಚಿಟ್ಟು ಇಲ್ಲಿ ಯಂತ್ರವನ್ನು ಹಳಿದರೆ ಅದು ಕೃತಘ್ನತೆಯಾದೀತು. ಜಿಲ್ಲಾ ಕೇಂದ್ರದ ಅಂಗಡಿಗಳಲ್ಲಿ ಕೇಳಿ ಕೇಳಿ ನಾಚಿಕೆಪಟ್ಟು ಬಿಟ್ಟಿದ್ದ ವಸ್ತು ಅದು.

ಆದರೆ ಇನ್ನೊಂದು ದಿನದ ಮಾತನ್ನೂ ಹೇಳಬೇಕು. ನನ್ನ ಮಡದಿ ತನ್ನ ಕೊನೆಯ ಎಂಟು ತಿಂಗಳನ್ನು ಹಾಸಿಗೆಯಲ್ಲಿ ಕಳೆದಳು. ಮಲಗಿದಲ್ಲೇ ಹುಣ್ಣಾಗದಂತೆ ಗಾಳಿಯ ಹಾಸಿಗೆ, ಒರೆಸುವ ಬಟ್ಟೆ, ಪಥ್ಯದ ಹಿಟ್ಟು—ಎಲ್ಲವನ್ನೂ ಫೋನಿನ ಅಂಗಡಿಯಿಂದಲೇ ತರಿಸುತ್ತಿದ್ದೆ. ನಮ್ಮಂಥ ಸಣ್ಣ ಊರಿನಲ್ಲಿ ಅವು ಮನೆಬಾಗಿಲಿಗೆ ಬರುತ್ತಿದ್ದುದು ಆಗ ದೊಡ್ಡ ಉಪಕಾರವೇ ಆಗಿತ್ತು. ಅವಳು ತೀರಿಕೊಂಡು ಹದಿಮೂರು ದಿನದ ಕಾರ್ಯವೂ ಮುಗಿದ ಮೇಲೆ ಯಾವುದೋ ಕೆಲಸಕ್ಕೆಂದು ಫೋನನ್ನು ತೆರೆದೆ. ‘ಮತ್ತೆ ಕೊಳ್ಳುವ ಸಮಯವಾಯಿತು’ ಎಂದು ಅದೇ ಹಿಟ್ಟು, ಅದೇ ಬಟ್ಟೆ. ಈ ಸಲ ಬೆಲೆಯಲ್ಲಿ ಕಡಿತವೂ ಇತ್ತು. ಒಂದು ವಾರ, ಒಂದು ತಿಂಗಳು, ಮೂರು ತಿಂಗಳು ಅದು ಹಾಗೆಯೇ ನೆನಪಿಸುತ್ತಿತ್ತು. ದಿನಪತ್ರಿಕೆಯನ್ನು ಓದಲು ಹೋದರೆ ಅಲ್ಲಿಯೂ ಪಕ್ಕದಲ್ಲಿ ಅವೇ ಚಿತ್ರಗಳು.

ಯಂತ್ರ ಕ್ರೂರಿಯೆಂದು ನಾನು ಹೇಳಲಾರೆ. ಕ್ರೌರ್ಯಕ್ಕೂ ಒಂದು ಮನಸ್ಸು ಬೇಕು. ಸಾವೆಂಬುದೊಂದಿದೆಯೆಂದು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಪ್ರತಿ ತಿಂಗಳೂ ಕೊಳ್ಳುತ್ತಿದ್ದವನು ಈ ತಿಂಗಳು ಕೊಳ್ಳಲಿಲ್ಲ. ಬೆಲೆ ಇಳಿಸಿದರೆ ಕೊಂಡಾನು ಎಂಬುದು ಅದರ ಲೆಕ್ಕ. ಆ ಲೆಕ್ಕ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಶೆಟ್ಟರ ಕೈ ಡಬ್ಬದಿಂದ ಹಿಂದಕ್ಕೆ ಬಂದದ್ದು ಖಾತೆ ಪುಸ್ತಕವನ್ನು ನೋಡಿ ಅಲ್ಲ; ಅವರು ನಮ್ಮ ಅಜ್ಜಿಯ ಮಣ್ಣಿಗೆ ಬಂದಿದ್ದರು. ಯಂತ್ರದ ಬಳಿ ಇರುವುದು ಖಾತೆ ಪುಸ್ತಕವೊಂದೇ. ಅದು ಶೆಟ್ಟರ ಪುಸ್ತಕಕ್ಕಿಂತ ಸಾವಿರ ಪಾಲು ದೊಡ್ಡದು. ನಾನು ಕೊಂಡದ್ದು ಮಾತ್ರವಲ್ಲ, ನೋಡಿ ಬಿಟ್ಟದ್ದು, ಎರಡು ಕ್ಷಣ ಹೆಚ್ಚು ನಿಂತು ನೋಡಿದ್ದು, ರಾತ್ರಿ ಎಷ್ಟು ಹೊತ್ತಿಗೆ ನೋಡಿದ್ದು ಎಲ್ಲವೂ ಅದರಲ್ಲಿ ದಾಖಲಾಗಿರಬಹುದು. ಅದನ್ನು ತೆರೆಸಿ ಓದಿಸುವ ಜಗುಲಿ ಮಾತ್ರ ನನಗೆಲ್ಲೂ ಕಾಣಲಿಲ್ಲ.

ಹೆಸರನ್ನು ತೆಗೆದುಬಿಟ್ಟರೆ ಇಂಥ ದಾಖಲೆಯಿಂದ ಯಾರಿಗೂ ತೊಂದರೆಯಿಲ್ಲವೆಂದು ವಾದಿಸುವವರುಂಟು. ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆ 2006ರಲ್ಲಿ ಒಂದು ಸ್ಪರ್ಧೆಯನ್ನು ಹೂಡಿತು. ತನ್ನ ಸುಮಾರು 4 ಲಕ್ಷ 80 ಸಾವಿರ ಗಿರಾಕಿಗಳು ಚಲನಚಿತ್ರಗಳಿಗೆ ಕೊಟ್ಟಿದ್ದ 10 ಕೋಟಿ ಅಂಕಗಳನ್ನು, ಹೆಸರುಗಳನ್ನು ಅಳಿಸಿ ಬಹಿರಂಗಪಡಿಸಿ, ತನ್ನ ಊಹೆಯನ್ನು ನೂರಕ್ಕೆ 10ರಷ್ಟು ಉತ್ತಮಪಡಿಸುವವರಿಗೆ 10 ಲಕ್ಷ ಡಾಲರ್ ಬಹುಮಾನವೆಂದು ಸಾರಿತು. 2009ರಲ್ಲಿ ಒಂದು ತಂಡ ಬಹುಮಾನವನ್ನು ಗೆದ್ದಿತು. ಆದರೆ ಅಷ್ಟರೊಳಗೆ ಅರವಿಂದ ನಾರಾಯಣನ್, ವಿಟಾಲಿ ಶ್ಮಾಟಿಕೋವ್ ಎಂಬ ಟೆಕ್ಸಸ್ ವಿಶ್ವವಿದ್ಯಾನಿಲಯದ ಸಂಶೋಧಕರು, ಜನ ಬೇರೊಂದು ಕಡೆ ತಮ್ಮ ಹೆಸರಿನಲ್ಲೇ ಬರೆದಿದ್ದ ಅಭಿಪ್ರಾಯಗಳೊಡನೆ ಆ ಅಂಕಗಳನ್ನು ಹೋಲಿಸಿ, ಅಳಿಸಿದ ಹೆಸರುಗಳಲ್ಲಿ ಕೆಲವನ್ನು ಮತ್ತೆ ಪತ್ತೆಹಚ್ಚಬಹುದೆಂದು ತೋರಿಸಿದರು. ಎರಡನೆಯ ಸ್ಪರ್ಧೆಯನ್ನು ಸಂಸ್ಥೆ 2010ರಲ್ಲಿ ಕೈಬಿಟ್ಟಿತು. ನಮ್ಮ ಅಭಿರುಚಿಗಳ ಪಟ್ಟಿಯೇ ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಎಂಬುದು ಆಗ ಬಯಲಾಯಿತು.

ನಮ್ಮ ದೇಶದಲ್ಲಿ ಈ ಹಕ್ಕಿನ ಮಾತನ್ನು ನ್ಯಾಯಾಲಯದ ಮುಂದೆ ತಂದವರಲ್ಲಿ ಪ್ರಮುಖರು ಕನ್ನಡನಾಡಿನವರೇ ಎಂಬುದು ನಿಮಗೆ ತಿಳಿದಿರಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಹೋದರು. ಅವರ ಆಕ್ಷೇಪಣೆ ಇದ್ದದ್ದು ಆಧಾರ್ ಯೋಜನೆಯ ಬಗ್ಗೆ, ಅಂಗಡಿಗಳ ಬಗ್ಗೆ ಅಲ್ಲ. ಆದರೆ ಆ ಮೊಕದ್ದಮೆಯಲ್ಲಿಯೇ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಅದರ ಬೆನ್ನಿಗೆ, ತಡವಾಗಿಯಾದರೂ, 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಕಾಯಿದೆ ಬಂದಿತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳಿಗೆ ಹದಿನೆಂಟು ತಿಂಗಳ ಅವಕಾಶ ಕೊಟ್ಟಿದ್ದಾರೆ. ಹದಿನೆಂಟು ವರ್ಷ ತುಂಬದವರ ನಡವಳಿಕೆಯನ್ನು ಹಿಂಬಾಲಿಸಿ ನೋಡಕೂಡದು, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸಕೂಡದು ಎಂದು, ಕೆಲವು ವಿನಾಯಿತಿಗಳನ್ನು ಬಿಟ್ಟು, ಆ ಕಾಯಿದೆ ವಿಧಿಸುತ್ತದೆ. ಇದು ನಿಮ್ಮನ್ನು ಕುರಿತ ಮಾತು. ಆದರೆ ನೀವು ಫೋನನ್ನು ಹಿಡಿಯುವುದು ತಂದೆಯ ಹೆಸರಿನಲ್ಲಿ. ಯಂತ್ರಕ್ಕೆ ನೀವು ಐವತ್ತು ವರ್ಷದ ಗೃಹಸ್ಥರು. ಕಾಯಿದೆ ಬರೆದವರು ನಮ್ಮ ಮನೆಗಳಲ್ಲಿ ಒಂದು ಫೋನನ್ನು ಐದು ಜನ ಬಳಸುವುದನ್ನು ಎಷ್ಟರಮಟ್ಟಿಗೆ ಗಮನಿಸಿದ್ದಾರೋ ಎಂಬುದು ನನ್ನ ಚಿಂತೆ.

ಅದೇ 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹದಿಮೂರು ಬಗೆಯ ಮೋಸದ ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ‘ಇನ್ನು ಎರಡೇ ಉಳಿದಿವೆ, ಬೇಗ ಕೊಳ್ಳಿ’ ಎಂದು ಸುಳ್ಳು ಅವಸರ ಹುಟ್ಟಿಸುವುದು ಅವುಗಳಲ್ಲೊಂದು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸಿಬಿಡುವುದು ಇನ್ನೊಂದು.

ನನ್ನ ಅಭಿಪ್ರಾಯ ಇದು. ಅಂಗಡಿ ನನ್ನನ್ನು ಓದಲಿ. ಓದದ ಅಂಗಡಿ ಯಾವ ಕಾಲದಲ್ಲಿಯೂ ಇರಲಿಲ್ಲ. ಆದರೆ ನನ್ನ ಪುಟವನ್ನು ನನಗೆ ತೋರಿಸಬೇಕು. ನಮ್ಮ ಕಾಯಿದೆ ದತ್ತಾಂಶದ ಸಾರಾಂಶವನ್ನು ಕೇಳುವ, ತಿದ್ದಿಸುವ, ಅಳಿಸಿಹಾಕಿಸುವ ಹಕ್ಕನ್ನು ಕೊಟ್ಟಿದೆ. ಅದು ಒಳ್ಳೆಯದೇ, ಸಾಲದು. ಈ ವಸ್ತುವನ್ನು ನನ್ನ ಮುಂದೆ ಏಕೆ ಇಟ್ಟಿರಿ, ಇದಕ್ಕಾಗಿ ಯಾರಾದರೂ ಹಣ ಕೊಟ್ಟಿದ್ದಾರೆಯೇ ಎಂಬ ಪ್ರಶ್ನೆಗೆ ಓದಬಲ್ಲ ಗಾತ್ರದ ಅಕ್ಷರಗಳಲ್ಲಿ, ನಾನು ಓದಬಲ್ಲ ಭಾಷೆಯಲ್ಲಿ, ಅಲ್ಲಿಯೇ ಉತ್ತರವಿರಬೇಕು. ಇದನ್ನೆಲ್ಲ ಬಿಟ್ಟು ಬರಿಯ ಸರಕುಗಳನ್ನು ತೋರಿಸಿರೆಂದು ಹೇಳುವ ಅವಕಾಶವೂ ಇರಬೇಕು. ಐರೋಪ್ಯ ಒಕ್ಕೂಟದಲ್ಲಿ ದೊಡ್ಡ ಸಂಸ್ಥೆಗಳು 2023ರಿಂದ ಇಂಥ ಆಯ್ಕೆಯನ್ನು ಕೊಡಲೇಬೇಕೆಂಬ ಕಾನೂನಿದೆ. ವ್ಯಾಪಾರದ ಗುಟ್ಟು ಹೊರಬೀಳುತ್ತದೆಂದು ವರ್ತಕರು ಗೊಣಗಬಹುದು. ನಮ್ಮ ಅಪ್ಪ ಶೆಟ್ಟರನ್ನು ‘ಬೆಲ್ಲವನ್ನು ನೀವು ಎಷ್ಟಕ್ಕೆ ತಂದಿರಿ?’ ಎಂದು ಒಂದು ದಿನವೂ ಕೇಳಿದವರಲ್ಲ. ನಮ್ಮ ಪುಟವನ್ನು ತೆರೆಯಿರಿ ಎಂದಷ್ಟೇ ಕೇಳುತ್ತಿದ್ದರು. ಅಷ್ಟಕ್ಕೆ ಶೆಟ್ಟರ ವ್ಯಾಪಾರ ಮುಳುಗಲಿಲ್ಲ.

ಮೊನ್ನೆ ದಸರಾ ರಜೆಯಲ್ಲಿ, ನಿಮ್ಮ ವಯಸ್ಸಿನವಳೇ ಆದ ನನ್ನ ಮೊಮ್ಮಗಳು ನನ್ನ ಗೊಣಗಾಟವನ್ನು ಕೇಳಿ ಬೇಸತ್ತು ಫೋನನ್ನು ಕಸಿದುಕೊಂಡಳು. ಯಾವ ಯಾವುದೋ ಬಾಗಿಲುಗಳನ್ನು ತೆರೆಯುತ್ತ ಹೋಗಿ, ನಾನು ನೋಡಿದ್ದ ವಸ್ತುಗಳ ಪಟ್ಟಿಯೊಂದನ್ನು ಹೊರತೆಗೆದಳು. ಕೊಂಡ ವಸ್ತುಗಳ ಪಟ್ಟಿಯನ್ನು ಅಳಿಸುವ ಅವಕಾಶ ಆ ಅಂಗಡಿಯಲ್ಲಿರಲಿಲ್ಲ; ನೋಡಿದ್ದನ್ನು ಮಾತ್ರ ಅಳಿಸಬಹುದಿತ್ತು. ಬ್ಯಾಟು, ಕ್ಲಿಪ್ಪು, ಮಂಡಿಯ ಎಣ್ಣೆ ಎಲ್ಲವನ್ನೂ ಒಂದೊಂದಾಗಿ ಅಳಿಸುತ್ತ ಕೆಳಗಿಳಿದವಳು ಒಂದೆಡೆ ಬೆರಳನ್ನು ನಿಲ್ಲಿಸಿದಳು.

‘ಇವು ಅಜ್ಜಿಯವು, ತಾತ. ಅಳಿಸಿಬಿಡಲೇ?’

ಸ್ವಲ್ಪ ತಾಳು ಎಂದೆ. ಗಾಳಿಯ ಹಾಸಿಗೆ, ಹಿಟ್ಟು, ಹೀರುಗೊಳವೆಯ ಲೋಟ, ಅವಳು ಒಮ್ಮೆ ಬೇಕೆಂದು ಕೇಳಿ ನಾನು ಕೊಳ್ಳದೆ ಬಿಟ್ಟಿದ್ದ ನೀಲಿ ಅಂಚಿನ ಹತ್ತಿಯ ಸೀರೆ. ನನ್ನ ದಿನಚರಿಯನ್ನು ತಂದು ಅವಿಷ್ಟನ್ನೂ ಬರೆದುಕೊಂಡ ಮೇಲೆ, ಇನ್ನು ಅಳಿಸು ಎಂದೆ.